ಫುಕಿನೊಳ ಬಲಗೈ

ಒಸಾನಾಯ್ ಮನೆಯವರ ಕೈಗೆ ತೆಪ್ಪಗಿರುವುದು ಗೊತ್ತಿಲ್ಲ ಎಂಬುದು ಕೊಮನಾಯಿ ಊರಿಗೆಲ್ಲ ತಿಳಿದ ಮಾತು. ಮೂರು ತಲೆಮಾರಿನಿಂದ ರೈಲಿನ ಅನ್ನ ಉಂಡ ಮನೆ ಅದು. ತಾತ ಗೇಟು ಕಾಯುತ್ತಿದ್ದ. ಅಪ್ಪ ತೊಕುಜಿ ಸೇಬಿನ ತೋಟಗಳ ನಡುವೆ ಹಾದು ಕಡಲಂಚಿಗೆ ಹೋಗಿಬರುವ ಎರಡು ಡಬ್ಬಿಯ ಗಾಡಿ ಓಡಿಸುತ್ತಿದ್ದ. ರೈಲಿನವರು ಸಿಗ್ನಲ್ ಕಂಡರೆ ಸುಮ್ಮನೆ ನೋಡಿ ಮುಂದೆ ಹೋಗುವಂತಿಲ್ಲ. ತೋರುಬೆರಳು ಚಾಚಿ "ಸಿಗ್ನಲ್ ಹಸಿರು, ಸರಿ!" ಎಂದು ಗಂಟಲು ಬಿಟ್ಟು ಕೂಗಬೇಕು. ಬಾಗಿಲು ಮುಚ್ಚಿದರೆ ಬಾಗಿಲಿಗೆ ಬೆರಳು, ಗಡಿಯಾರ ನೋಡಿದರೆ ಗಡಿಯಾರಕ್ಕೆ ಬೆರಳು. ಕೆಲಸದ ಮೇಲಿನ ಚಾಳಿ ಮನೆಯೊಳಗೂ ಬಂತು. ತೊಕುಜಿ ಮಲಗುವ ಮೊದಲು ಒಲೆಗೆ ಬೆರಳು ತೋರಿ "ಗ್ಯಾಸು ಬಂದ್, ಸರಿ!" ಎನ್ನುತ್ತಿದ್ದ. ಮಗಳು ಫುಕಿನೊ ಮೂರು ವರ್ಷದವಳಿದ್ದಾಗಲೇ ಹೊಸ್ತಿಲಲ್ಲಿ ಕೂತು ತನ್ನ ಬೂಟುಗಳಿಗೆ ಬೆರಳು ಮಾಡಿ "ಎಡ, ಸರಿ! ಬಲ, ಸರಿ!" ಎಂದು ಕೂಗಿದಳು. ಎಡದ್ದು ಬಲಗಾಲಿಗೆ ಹೋಗಿತ್ತು, ಆ ಮಾತು ಬೇರೆ.

ತಾಯಿ ಸವಾಕೊ ಸೇಬು ಬೆಳೆಯುವವರ ಮನೆಯಿಂದ ಬಂದವಳು. "ಈ ಮನೆಗೆ ಬಂದು ನಾನೂ ಕೆಟ್ಟೆ. ಮೊನ್ನೆ ಉಪ್ಪಿನಕಾಯಿ ಡಬ್ಬಕ್ಕೆ ಬೆರಳು ತೋರ್ಸಿ 'ಮುಚ್ಚಳ, ಸರಿ' ಅಂದ್‌ಬಿಟ್ಟೆ. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ಲು!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ನಗುವವರು ನಗಲಿ, ತೊಕುಜಿ ಅದನ್ನು ಆಟಕ್ಕೆ ಮಾಡುತ್ತಿರಲಿಲ್ಲ. ತಾತ ಗೇಟು ಕಾಯುತ್ತಿದ್ದ ಕಾಲದಲ್ಲಿ ಒಂದು ದಿನ ಚಳಿಗೆ ಕೈ ಅಂಗಿಯೊಳಗೆ ಇಟ್ಟುಕೊಂಡು, ಬಾಯಲ್ಲಿ ಮಾತ್ರ "ಗೇಟು, ಸರಿ" ಎಂದಿದ್ದ. ಗೇಟು ಸರಿಯಿರಲಿಲ್ಲ. ಸೇಬು ಹೇರಿಕೊಂಡು ಬರುತ್ತಿದ್ದ ಗಂಡಹೆಂಡಿರು ಬಂಡಿಸಮೇತ ಗಾಡಿಗೆ ಸಿಕ್ಕರು. ಅಂದಿನಿಂದ ಆ ಮನೆಯಲ್ಲಿ ಒಂದೇ ಮಂತ್ರ: ಬಾಯಿ ರೂಢಿಗೆ ಬಿದ್ದು ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ, ಬೆರಳು ಹೋದ ಕಡೆ ಕಣ್ಣು ಹೋಗಲೇಬೇಕು. ಫುಕಿನೊ ಹಾಲಿನ ಜೊತೆಗೇ ಈ ಮಾತನ್ನೂ ಕುಡಿದು ಬೆಳೆದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿತು.

ಯುದ್ಧ ಬಂದಾಗ ಅವಳಿಗೆ ಹದಿನೇಳು ಮುಗಿದಿತ್ತು. ಎರಡನೆಯ ಚಳಿಗಾಲದ ಹೊತ್ತಿಗೆ ಅವಳ ತರಗತಿಯ ನಾಲ್ವರು ಹುಡುಗರು ದಕ್ಷಿಣದ ದ್ವೀಪಗಳಿಗೆ ಹೋಗಿದ್ದರು, ಇಬ್ಬರ ಹೆಸರು ಮಾತ್ರ ಕಾಗದದಲ್ಲಿ ಹಿಂದಿರುಗಿತ್ತು. ಚಕ್ರದ ಬಂಡಿ ಯಾವುದೂ ಓಡಲಾರದ ಹಿಮದಲ್ಲಿ ಸಾಮಾನು ಹೊರಲು, ಮುರಿದ ಸೇತುವೆಗೆ ಹೆಗಲು ಕೊಡಲು, ಸೇನೆಯವರು ಊರೂರಿಗೆ ಒಂದೊಂದು ಉಕ್ಕಿನ ಆಳು ಕಳಿಸಿದರು. ಮೂರು ಮಹಡಿ ಎತ್ತರ; ಎದೆಗೂಡಿನಲ್ಲಿ ಒಬ್ಬರು ಕೂರುವಷ್ಟು ಜಾಗ. ಕೂತವರ ತೋಳಿಗೆ ತಂತಿ ತುಂಬಿದ ಅಂಗಿತೋಳು ತೊಡಿಸಿದರೆ, ಅವರ ಕೈ ಹೋದತ್ತ ಉಕ್ಕಿನ ಕೈ ಹೋಗುತ್ತದೆ. ವಯಸ್ಸಾದವರು ಹತ್ತಿದರೆ ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಎಳೆಯ ಮೈ ಬೇಕು, ಗಟ್ಟಿ ಹೊಟ್ಟೆ ಬೇಕು. ಊರಿನ ಹನ್ನೊಂದು ಜನರನ್ನು ಕೂರಿಸಿ ನೋಡಿದರು. ಹತ್ತು ಜನ ವಾಂತಿ ಮಾಡಿಕೊಂಡರು. ಫುಕಿನೊ ಇಳಿದು ಬಂದು ಊಟಕ್ಕೇನಿದೆ ಎಂದು ಕೇಳಿದಳು. ಆಯ್ಕೆ ಮುಗಿಯಿತು.

ಊರವರು ಆ ಉಕ್ಕಿನ ಆಳಿಗೆ ಗೊನ್‌ಸುಕೆ ಎಂದು ಹೆಸರಿಟ್ಟರು, ಹಳೇ ಕಾಲದ ಮನೆಯಾಳಿಗೆ ಇಡುವಂಥ ಹೆಸರು. ಕಲಿಸುವುದಕ್ಕೆ ಬಂದವನು ಮಿಕಾಮಿ ಮೇಸ್ತ್ರಿ. ಬಂದರಿನಲ್ಲಿ ಮೂವತ್ತೈದು ವರ್ಷ ಕ್ರೇನು ನಡೆಸಿದವನು, ಅರವತ್ತು ದಾಟಿದವನು, ಬಾಯಿ ತೆರೆದರೆ ಬೈಗುಳ, ಮುಚ್ಚಿದರೆ ಬೀಡಿ.

ಮೊದಲ ದಿನ ಫುಕಿನೊ ಗೊನ್‌ಸುಕೆಯನ್ನು ಎಬ್ಬಿಸಿ ನಿಲ್ಲಿಸಿದಳು. ಊರೆಲ್ಲ ಚಪ್ಪಾಳೆ. ಹೆಜ್ಜೆ ಇಡುವ ಮೊದಲು ಬಲಕ್ಕೆ ನೋಡಿದಳು, ದಾರಿ ಖಾಲಿ ಇತ್ತು. ಅವಳ ಕೈ ಅವಳನ್ನು ಕೇಳದೆ ಎದ್ದಿತು. "ಬಲಕ್ಕೆ, ಸರಿ!"

ಗೊನ್‌ಸುಕೆಯ ಬಲಗೈಯೂ ಎದ್ದಿತು. ಎದ್ದ ಕೈ ರೈಲು ನಿಲ್ದಾಣದ ಎದುರಿನ ಮೈಕಿನ ಕಂಬವನ್ನು ಬುಡದಿಂದ ಕಿತ್ತು ತರಕಾರಿ ಅಂಗಡಿಯ ಮೇಲೆ ಮಲಗಿಸಿತು. ದಿನಾ ಸಂಜೆ ಐದಕ್ಕೆ ಊರಿಗೆಲ್ಲ ಕೇಳುತ್ತಿದ್ದ ಹಾಡು ಅಂದಿನಿಂದ ನಿಂತಿತು. ಗದ್ದೆಯಲ್ಲಿದ್ದವರಿಗೆ ಮನೆಗೆ ಯಾವಾಗ ಹೋಗಬೇಕೆಂದೇ ತಿಳಿಯದಾಯಿತು.

"ಏ ಹುಡುಗೀ!" ಮೇಸ್ತ್ರಿ ರೇಡಿಯೊದಲ್ಲಿ ಕಿರುಚಿದ. "ಏನ್ ಮಾಡ್ದೆ?"

"ನೋಡ್ದೆ, ಮೇಸ್ತ್ರೀ."

"ಕಣ್ಣಲ್ಲಿ ನೋಡೋದು ಕಣೇ! ಕೈಯಲ್ಲಲ್ಲ!"

ನಷ್ಟವಾದವರ ಮನೆಗೆ ಸಿಹಿಯ ಡಬ್ಬಿ ಹಿಡಿದು ಹೋಗಿ ಸೊಂಟ ಮುರಿಯುವಷ್ಟು ಬಾಗಿ ಬರುವುದು ಪದ್ಧತಿ. ಮೇಸ್ತ್ರಿ ಮುಂದೆ, ಹುಡುಗಿ ಹಿಂದೆ. ತರಕಾರಿ ಅಂಗಡಿಗೆ ಒಂದು ಡಬ್ಬಿ, ಪುರಸಭೆಗೆ ಒಂದು. ಮರುವಾರ "ಹಿಂದೆ, ಸರಿ!" ಎಂದಾಗ ಒಂದು ದನದ ಕೊಟ್ಟಿಗೆಯ ಮಾಡು ಹಾರಿತು. ಅದರ ಮರುವಾರ "ಮೇಲೆ, ಸರಿ!" ಎಂದಾಗ ತಂತಿ ಹರಿದು ಮೂರು ಬೀದಿಗೆ ವಿದ್ಯುತ್ತಿಲ್ಲ. ಡಿಸೆಂಬರು ಮುಗಿಯುವಷ್ಟರಲ್ಲಿ ಮಿಠಾಯಿ ಅಂಗಡಿಯ ಮುದುಕ ಮೇಸ್ತ್ರಿಯನ್ನು ದೂರದಲ್ಲಿ ಕಂಡರೆ ಸಾಕು, ಡಬ್ಬಿ ಕಟ್ಟಲು ಶುರುಮಾಡುತ್ತಿದ್ದ. "ಈ ಸಲ ಯಾರ ಮನೇದು? ದೊಡ್ಡದು ಕಟ್ಲಾ, ಚಿಕ್ಕದಾ?"

"ಬಾಗಿ ಬಾಗಿ ನನ್ನ ಬೆನ್ನು ಕುಡುಗೋಲಾಯ್ತು," ಎಂದು ಮೇಸ್ತ್ರಿ ಗೊಣಗಿದ. "ನಾಳೆಯಿಂದ ಬೆರಳು ಎತ್ತಿದ್ರೆ ಕೈ ಕಟ್ಟಿ ಹಾಕ್ತೀನಿ."

ಹಾಗೆ ಕಟ್ಟಿಹಾಕುವಂತೆಯೂ ಇರಲಿಲ್ಲ. ಅಲ್ಲಿಯೇ ಇದ್ದುದು ತಕರಾರು. ಸೇನೆಯ ನಿಯಮಪುಸ್ತಕದ ನಾಲ್ಕನೆಯ ವಿಧಿ ಹೇಳುತ್ತಿತ್ತು: ಪ್ರತಿಯೊಂದು ಚಲನೆಗೂ ಮುನ್ನ ಸವಾರರು ಬೆರಳು ತೋರಿಸಿ ಕೂಗತಕ್ಕದ್ದು. ರೈಲಿಗೆ ಬರೆದದ್ದನ್ನು, ಕಾರ್ಖಾನೆಗೆ ಬರೆದದ್ದನ್ನು, ಯಾರೋ ಪುಣ್ಯಾತ್ಮರು ಹಾಗೆಯೇ ಇದಕ್ಕೂ ಇಳಿಸಿದ್ದರು. ಕೈ ಎತ್ತಿದರೆ ಉಕ್ಕಿನ ಕೈಯೂ ಏಳುತ್ತದೆ ಎಂಬುದು ಬರೆದವರಿಗೆ ಹೊಳೆಯಲಿಲ್ಲ. ಕೊಂಡಿ ಬಿಚ್ಚಿ ಅಂಗಿತೋಳು ಕಳಚಿಕೊಂಡು, ಬೆರಳು ತೋರಿಸಿ, ಮತ್ತೆ ತೊಟ್ಟು ಹೆಜ್ಜೆ ಇಡಬಹುದಿತ್ತು. ಕೊಂಡಿ ಬಿಚ್ಚಲು ಆರು ಹಂತ. ಆ ಆರು ಹಂತಕ್ಕೂ, ಒಂದೊಂದಕ್ಕೆ, ಬೆರಳು ತೋರಿಸತಕ್ಕದ್ದು.

ಫುಕಿನೊ ಪುಸ್ತಕವನ್ನು ಮೇಸ್ತ್ರಿಯ ಮುಂದೆ ಎಸೆದಳು. "ಓದಿ! ನೀವೇ ಓದಿ! ತೋರ್ಸಿದ್ರೆ ನೀವು ಬೈತೀರಿ, ತೋರ್ಸದಿದ್ರೆ ಪರೀಕ್ಷೇಲಿ ಅವರು ಬೈತಾರೆ. ನಾನೇನು ನನ್ನ ಕೈ ಕಡಿದು ಸಾರು ಮಾಡ್ಲಾ?"

ಮೇಸ್ತ್ರಿ ಕೇಂದ್ರ ಕಚೇರಿಗೆ ಕಾಗದ ಬರೆದ. ಮೂರು ವಾರಕ್ಕೆ ಉತ್ತರ ಬಂತು: ತಮ್ಮ ಸಲಹೆಯನ್ನು ಪರಿಶೀಲಿಸುವ ಬಗ್ಗೆ ಪರಿಶೀಲಿಸಲಾಗುತ್ತಿದೆ. ಮೇಸ್ತ್ರಿ ಅದನ್ನು ಮಡಿಚಿ ಅಲುಗಾಡುತ್ತಿದ್ದ ಮೇಜಿನ ಕಾಲಡಿಗೆ ಕೊಟ್ಟ. ಅಷ್ಟಾದರೂ ಉಪಯೋಗವಾಯಿತು.

ಕಡೆಗೆ ಫುಕಿನೊ ಹಲ್ಲು ಕಚ್ಚಿ ಕಲಿತಳು. ಬಾಯಲ್ಲಿ ಕೂಗುತ್ತಾಳೆ, ಕೈ ಎತ್ತುವುದಿಲ್ಲ. ಕಲಿತಳು ಎಂದರೆ ಹತ್ತರಲ್ಲಿ ಏಳು ಸಲ. ಉಳಿದ ಮೂರು ಸಲ ಮಿಠಾಯಿ ಅಂಗಡಿ. ಮನೆಯಲ್ಲಿ ಅಪ್ಪ ಅದನ್ನೂ ಮೆಚ್ಚಲಿಲ್ಲ. "ಬೆರಳಿಲ್ದ ಮಾತು ಮಾತಲ್ಲ," ಎಂದು ಊಟದ ನಡುವೆ ಹೇಳಿ ಸಾರು ಹೀರಿದ. ಅವಳು ಬಟ್ಟಲನ್ನು ಕುಕ್ಕಿ ಎದ್ದುಹೋದಳು. ಯುದ್ಧಕ್ಕಿಂತ ಹೆಚ್ಚಾಗಿ ಈ ಮನೆಯೇ ತನ್ನನ್ನು ಕೊಲ್ಲುತ್ತದೆ ಎನ್ನಿಸಿತು ಅವಳಿಗೆ.

ಜನವರಿಯ ಕೊನೆಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಪರೀಕ್ಷೆ ಮಾಡಲು ರಾಜಧಾನಿಯಿಂದ ಇವಾಬುಚಿ ಎಂಬ ಅಧಿಕಾರಿ ಬಂದ. ಅವನು ಬಂದ ಸಂಜೆಯೇ ಹಾರುಬಾಂಬೊಂದು ಹೊಳೆಯ ರೈಲುಸೇತುವೆಯ ನಡುಗಂಬವನ್ನು ಅರ್ಧ ತಿಂದುಹಾಕಿತು. ಮೇಲಿನ ತೊಲೆ ಬೀಳಲಿಲ್ಲ, ಆದರೆ ಬರೀ ಗಾಳಿಯ ಮೇಲೆ ಕೂತಂತೆ ಕೂತಿತ್ತು. ಸೇತುವೆಯ ಆಚೆ ಕಡಲಂಚಿನ ಮೂರು ಹಳ್ಳಿಗಳು, ಮುನ್ನೂರ ಹನ್ನೆರಡು ಜನ, ಮುಕ್ಕಾಲು ಪಾಲು ಮುದುಕರು. ರಸ್ತೆ ಎದೆಮಟ್ಟದ ಹಿಮದಲ್ಲಿ ಹೂತಿತ್ತು. ಶತ್ರುವಿನ ಹಡಗುಗಳು ಎರಡು ದಿನದಲ್ಲಿ ಆ ಕಡಲಿಗೆ ಬರುತ್ತವೆಂದು ಸುದ್ದಿ. ರೈಲೊಂದೇ ದಾರಿ. ಗೊನ್‌ಸುಕೆ ಹೊಳೆಗಿಳಿದು ತೊಲೆಗೆ ಹೆಗಲು ಕೊಟ್ಟರೆ, ಗಾಡಿ ನಿಧಾನಕ್ಕೆ ದಾಟಬಹುದು. ಆ ಮುನ್ನೂರ ಹನ್ನೆರಡರಲ್ಲಿ ಫುಕಿನೊಳ ತಾಯಿಯ ತಾಯಿ ಕಿಯೆ ಅಜ್ಜಿಯೂ ಒಬ್ಬಳು.

ಬೆಳಿಗ್ಗೆ ಏಳಕ್ಕೆ ಹೊಳೆಯ ದಂಡೆಯಲ್ಲಿ ಇವಾಬುಚಿ ಸಾಹೇಬ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ರಾಜಧಾನಿಯ ಬೂಟಿನೊಳಗೆ ಹಿಮ ಹೋಗಿ ಒಂದು ಕಾಲಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದ.

"ಪರೀಕ್ಷೆ ಪಾಸಾಗದ ಸವಾರರು ನೀರಿಗೆ ಇಳಿಯೋ ಹಾಗಿಲ್ಲ," ಎಂದ.

"ಹಂಗಾದ್ರೆ ಪರೀಕ್ಷೆ ಮಾಡಿ ಸಾಹೇಬ್ರೇ," ಎಂದ ಮೇಸ್ತ್ರಿ.

"ಅದಕ್ಕೆ ಎರಡು ದಿನ ಬೇಕು."

"ಎರಡು ದಿನಕ್ಕೆ ಹಡಗೇ ಬಂದುಬಿಡ್ತವೆ!"

ಸಾಹೇಬ ಪುಸ್ತಕ ತಿರುವಿದ, ಮತ್ತೆ ತಿರುವಿದ. "ಇದೇ ಕೆಲಸವನ್ನ ಪರೀಕ್ಷೆ ಅಂತ ಬರ್ಕೋತೀನಿ. ಪ್ರತಿ ಹಂತಕ್ಕೂ ಬೆರಳು, ಕೂಗು, ಎರಡೂ ಇರ್ಬೇಕು."

"ತೊಲೆ ಹೊತ್ತ ಕೈಯಲ್ಲಿ ಬೆರಳು ಹೆಂಗೆ ತೋರುಸ್ತಾಳೆ? ಕೈ ಬಿಟ್ರೆ ಸೇತುವೆ ಮಕಾಡೆ ಮಲಗ್ತದೆ!"

"ನೋಡಿ, ತೋರಿಸಿ ಅಂತ ನಾನು ಹೇಳ್ತಾ ಇಲ್ಲ. ತೋರಿಸಬೇಡಿ ಅಂತಾನೂ ಹೇಳ್ತಾ ಇಲ್ಲ. ತೋರಿಸದಿದ್ರೆ ಅಂಕ ಇಲ್ಲ, ಅಷ್ಟು ಮಾತ್ರ ಹೇಳ್ತಿದೀನಿ."

ಮೇಸ್ತ್ರಿ ಆಕಾಶ ನೋಡಿದ. ಆಕಾಶದಲ್ಲಿ ಹಿಮವಲ್ಲದೆ ಬೇರೇನೂ ಇರಲಿಲ್ಲ.

ಫುಕಿನೊ ಇವರ ಮಾತು ಮುಗಿಯುವುದನ್ನು ಕಾಯಲಿಲ್ಲ, ಏಣಿ ಹತ್ತಿದಳು. ಹತ್ತುವಾಗ ಅವಳಿಗೆ ಭಯ ಇದ್ದುದು ಬಾಂಬಿನದಲ್ಲ, ಹೊಳೆಯದಲ್ಲ, ತನ್ನದೇ ಬಲಗೈಯದು. ಹತ್ತರಲ್ಲಿ ಮೂರು ಸಲ ತಪ್ಪುವ ಕೈ. ಇವತ್ತು ಒಂದು ಸಲ ತಪ್ಪಿದರೂ ಗಾಡಿ ಹೊಳೆಯಲ್ಲಿ. ಸಿಹಿಯ ಡಬ್ಬಿ ಹಿಡಿದು ಹೋಗಲು ಆಮೇಲೆ ಮನೆಗಳೇ ಇರುವುದಿಲ್ಲ.

ನೀರು ಗೊನ್‌ಸುಕೆಯ ತೊಡೆಯವರೆಗೆ ಬಂತು. ಐಸಿನ ಚಪ್ಪಡಿಗಳು ಬಂದು ಬಂದು ಮೊಣಕಾಲಿಗೆ ಡಿಕ್ಕಿ ಹೊಡೆದವು. ಅವಳು ಬಗ್ಗಿ ತೊಲೆಯಡಿಗೆ ಹೆಗಲು ಒಡ್ಡಿ, ಎರಡೂ ಕೈಯಲ್ಲಿ ಅಂಚು ಹಿಡಿದು ಮೆಲ್ಲಗೆ ಎದ್ದಳು. ತೊಲೆ ಒಂದು ಸಲ ನರಳಿ ಹೆಗಲಿಗೆ ಕೂತಿತು. ಈಗ ಕೊಂಡಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಗೊನ್‌ಸುಕೆ ಕೈ ಇಳಿಬಿಟ್ಟು ನಿಲ್ಲುವ ಪ್ರಾಣಿ. ಅವಳ ಎರಡು ಕೈಗಳೂ ತಲೆಯ ಪಕ್ಕದಲ್ಲಿ ಹಾಗೇ ಇರಬೇಕು, ಗಾಡಿ ಬಂದು ದಾಟುವವರೆಗೆ.

"ಹೆಗಲು, ಸರಿ!" ಎಂದು ಕೂಗಿದಳು. ಬಲಗೈಯ ತೋರುಬೆರಳು ಒಂದಿಷ್ಟು ಮಿಡುಕಿತು. ಮೇಲೆ ತೊಲೆಯಿಂದ ತುಕ್ಕು ಉದುರಿತು. ಅವಳು ಉಸಿರು ಹಿಡಿದಳು.

"ಬೆರಳಿಲ್ಲ," ಎಂದು ದಂಡೆಯ ಮೇಲೆ ಸಾಹೇಬ ಬರೆದುಕೊಂಡ. ರೇಡಿಯೊ ಆನ್ ಇತ್ತು, ಎಲ್ಲರಿಗೂ ಕೇಳಿಸಿತು.

ಎಂಟೂವರೆಗೆ ಆಚೆಯಿಂದ ಗಾಡಿ ಬಂತು. ತೊಕುಜಿಯೇ ಓಡಿಸುತ್ತಿದ್ದ, ಹಿಂದಿನ ಸಂಜೆ ಬಾಂಬು ಬಿದ್ದಾಗ ಗಾಡಿಸಮೇತ ಆಚೆಯಲ್ಲೇ ಉಳಿದುಬಿಟ್ಟಿದ್ದ; ಯುದ್ಧಕ್ಕೆ ಹೋಗದೆ ಉಳಿದ ಚಾಲಕ ಆ ದಾರಿಯಲ್ಲಿ ಅವನೊಬ್ಬನೇ. ಎರಡು ಡಬ್ಬಿ ತುಂಬ ನೂರಕ್ಕೂ ಮೇಲೆ ಜನ. ಸೇತುವೆಗೆ ಮೂವತ್ತು ಮಾರು ಇರುವಾಗ ಗಾಡಿ ನಿಂತಿತು.

ಒಂದು ನಿಮಿಷ ಕಳೆಯಿತು. ಎರಡು ಕಳೆಯಿತು. ಗೊನ್‌ಸುಕೆಯ ಎಡಗಾಲು ಕೆಸರಿನಲ್ಲಿ ಒಂದಿಷ್ಟು ಜಾರಿತು.

"ಅಪ್ಪಾ," ಎಂದಳು ಫುಕಿನೊ ರೇಡಿಯೊದಲ್ಲಿ, "ಯಾಕೆ ನಿಂತೆ?"

"ಸಿಗ್ನಲ್ ಇಲ್ಲ."

"ಸಿಗ್ನಲ್ ಕಂಬ ನಿನ್ನೇನೇ ಹೊಳೇಲಿ ಹೋಯ್ತಲ್ಲ!"

"ಸಿಗ್ನಲ್ ಇಲ್ಲದ ಕಡೆ, ಜಾಗದಲ್ಲಿ ನಿಂತೋರು ದಾರಿಗೆ ಬೆರಳು ತೋರ್ಸಿ ಕೂಗ್ಬೇಕು. ಆಮೇಲೆ ಗಾಡಿ."

"ಸರಿ, ಕೂಗ್ತೀನಿ. ಸೇತುವೆ, ಸರಿ! ಬಾ!"

"ಬೆರಳೆಲ್ಲಿ?"

ಅವಳಿಗೆ ಹುಚ್ಚೇ ಹಿಡಿದಂತಾಯಿತು. "ಬೆರಳು ತೋರ್ಸಿದ್ರೆ ಸೇತುವೆ ಬೀಳುತ್ತೆ ಕಣಪ್ಪಾ! ಸೇತುವೆ ಹೊತ್ತಿರೋದು ಆ ಬೆರಳೇ!"

"ನಾನೇನು ಮಾಡ್ಲಿ? ಬರೀ ಬಾಯಿಗೆ ಗಾಡಿ ಬಿಡಲ್ಲ."

"ಮೇಸ್ತ್ರೀ, ನೀವು ದಂಡೆ ಮೇಲಿಂದ ಬೆರಳು ತೋರ್ಸಿ!"

ಮೇಸ್ತ್ರಿ ಎರಡೂ ಕೈ ಎತ್ತಿ ಸೇತುವೆಯತ್ತ ಚಾಚಿ ಕುಣಿದ. "ಸರಿ! ಸರಿ! ಸರಿ ಅಂದೆ ಕಣೋ, ಬಾರೋ!"

"ಮಿಕಾಮಿಯೋರೇ," ತೊಕುಜಿಯ ದನಿ ಶಾಂತವಾಗಿಯೇ ಇತ್ತು, "ತೊಲೆ ಒಳಗೆ ಏನಾಗಿದೆ ಅಂತ ಅಲ್ಲಿಂದ ನಿಮಗೆ ಕಾಣುತ್ತಾ?"

ಮೇಸ್ತ್ರಿಯ ಕೈ ಕೆಳಗಿಳಿಯಿತು. ಕಾಣುತ್ತಿರಲಿಲ್ಲ. ಸುಳ್ಳು ಹೇಳುವ ಜಾತಿಯವನಲ್ಲ ಅವನು, ಬೈಯುವ ಜಾತಿಯವನು ಅಷ್ಟೆ.

"ನಿಯಮದ ಪ್ರಕಾರ ಚಾಲಕರು ಹೇಳ್ತಿರೋದು ಸರಿ," ಎಂದು ಸಾಹೇಬ ಮೂಗು ತೂರಿಸಿದ.

"ನೀವು ಸುಮ್ನಿರ್ರೀ!" ಎಂದು ಮೇಸ್ತ್ರಿ, ಫುಕಿನೊ, ತೊಕುಜಿ, ಮೂವರೂ ಒಂದೇ ಬಾಯಲ್ಲಿ ಗದರಿದರು. ಆ ದಿನ ಅವರು ಮೂವರೂ ಒಪ್ಪಿದ ಮಾತು ಅದೊಂದೇ.

ಗಾಡಿಯ ಒಳಗಿಂದ ಯಾರೋ ಗದ್ದಲ ಮಾಡುತ್ತಿರುವುದು ತೊಕುಜಿಯ ರೇಡಿಯೊದಲ್ಲಿ ಹಾದು ಬಂತು. ಕಿಯೆ ಅಜ್ಜಿಯ ಗಂಟಲು. "ಅಳಿಯಂದ್ರೇ, ಹೋಗೋದಾದ್ರೆ ಹೋಗಿ, ಇಲ್ಲದಿದ್ರೆ ವಾಪಸ್ ಮನೆಗೆ ಬಿಡಿ! ಒಲೆ ಮೇಲೆ ಮೀನಿನ ಸಾರು ಹಂಗೇ ಬಿಟ್ಟು ಬಂದಿದೀನಿ!"

"ಅತ್ತೇ, ಸ್ವಲ್ಪ ತಡ್ಕೊಳ್ಳಿ."

ಫುಕಿನೊಳ ಭುಜ ಸೋತಿತ್ತು. ಬಲಗೈಯೊಳಗೆ ಇರುವೆ ಹರಿದಂತೆ. ಅಪ್ಪ ಹೇಳಿದ ಮೇಲೆ ಅದು ಇನ್ನೂ ಏಳಲು ಹವಣಿಸುತ್ತಿತ್ತು. ಹದಿನಾರು ವರ್ಷ ಆ ಮನುಷ್ಯನ ಎದುರಿನಲ್ಲೇ ಎದ್ದ ಕೈ ಅಲ್ಲವೆ ಅದು. ಅತ್ತ ದರಿ, ಇತ್ತ ಪುಲಿ. ಅವಳಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಈ ಅಪ್ಪನನ್ನು ಎತ್ತಿ ಹೊಳೆಗೆ ಎಸೆಯಬೇಕು ಎನ್ನಿಸಿತು. ಆದರೆ ಅಪ್ಪ ಮಿಕಾಮಿಗೆ ಕೇಳಿದ ಪ್ರಶ್ನೆ ತಲೆಯೊಳಗೆ ಮುಳ್ಳಿನಂತೆ ನಿಂತಿತು. ಒಳಗೆ ಏನಾಗಿದೆ, ಕಾಣುತ್ತಾ?

ತಾನು "ಸೇತುವೆ, ಸರಿ!" ಎಂದು ಈಗಷ್ಟೇ ಕೂಗಿದ್ದಳಲ್ಲ, ಆಗ ಏನು ನೋಡಿದ್ದಳು? ಏನೂ ನೋಡಿರಲಿಲ್ಲ. ಗಾಡಿ ಬರಲಿ ಎಂಬ ಅವಸರಕ್ಕೆ ಬಾಯಿ ತಾನೇ ಕೂಗಿತ್ತು. ಚಳಿಗೆ ಕೈ ಅಂಗಿಯೊಳಗಿಟ್ಟ ತಾತನೂ ಹೀಗೆಯೇ ಕೂಗಿದ್ದಿರಬೇಕು. ಅವಳ ಮುಖ ಬಿಸಿಯಾಯಿತು.

ಕೈಯನ್ನು ಇದ್ದಲ್ಲೇ ಬಿಟ್ಟು ಅವಳು ಕತ್ತು ತಿರುಗಿಸಿದಳು. ಗಾಜಿನ ಆಚೆ, ಮುಖದಿಂದ ಎರಡು ಮಾರು ದೂರದಲ್ಲಿ ತೊಲೆಯ ಹೊಟ್ಟೆ ಇತ್ತು. ಎಡದ ತುದಿಯಿಂದ ಶುರುಮಾಡಿ, ಒಂದೊಂದು ಮೊಳೆಯ ಮೇಲೂ ಕಣ್ಣು ನಿಲ್ಲಿಸಿ ನಿಲ್ಲಿಸಿ ಬಲದ ತುದಿಯವರೆಗೆ ಹೋದಳು. ಬೆರಳು ಇಲ್ಲದೆ ಕಣ್ಣನ್ನು ಹಾಗೆ ನಡೆಸುವುದು, ಹಗ್ಗವಿಲ್ಲದೆ ಎಮ್ಮೆಯನ್ನು ನಡೆಸಿದ ಹಾಗೆ. ನಡುವೆ ಓಡಿಹೋಗುತ್ತಿತ್ತು, ಮತ್ತೆ ಹಿಡಿದು ತರಬೇಕಾಗುತ್ತಿತ್ತು.

"ಅಪ್ಪಾ, ಕೇಳು," ಎಂದಳು. ದನಿ ಈಗ ಕೂಗುತ್ತಿರಲಿಲ್ಲ. "ನಾನು ಮೊದಲು ಹೇಳಿದ್ದು ಸುಳ್ಳು. ನೋಡ್ದೆ ಕೂಗ್ದೆ. ಈಗ ನೋಡಿದೀನಿ. ಎಡಗಡೆಯಿಂದ ಏಳನೇ ಮೊಳೆ ಹತ್ರ ಬಿರುಕಿದೆ. ಕಿರುಬೆರಳು ತೂರುವಷ್ಟು ಅಗಲ, ಒಂದು ಮೊಳ ಉದ್ದ. ಅಲ್ಲಿಂದ ಮುಂದೆ ಹೋಗಿಲ್ಲ. ಹತ್ತು, ಹನ್ನೊಂದು, ಎರಡು ಮೊಳೆ ಇಲ್ಲ. ಬಲಗಡೆ ಎಲ್ಲಾ ಇವೆ. ತೂಕ ನನ್ನ ಬಲ ಹೆಗಲ ಮೇಲೆ ಜಾಸ್ತಿ ಇದೆ. ಎಡಗಾಲು ಎರಡು ಗೇಣು ಕೆಸರಲ್ಲಿ ಇಳಿದಿದೆ, ಈಗ ಕಲ್ಲು ಸಿಕ್ಕಿದೆ, ಇನ್ನು ಇಳೀತಿಲ್ಲ."

ಅವಳು ಬಿರುಕನ್ನು ಮತ್ತೊಮ್ಮೆ ನೋಡಿದಳು.

"ಒಂದೇ ಡಬ್ಬಿ ಆದ್ರೆ ಧೈರ್ಯವಾಗಿ ಬಾ ಅಂತಿದ್ದೆ," ಎಂದು ಮುಂದುವರಿಸಿದಳು. "ಎರಡು ಡಬ್ಬಿಗೆ ಅಷ್ಟು ಧೈರ್ಯ ಇಲ್ಲ. ಬೇರ್ಪಡಿಸು. ಒಂದನ್ನ ಅಲ್ಲೇ ಬಿಟ್ಟು, ಒಂದರಲ್ಲಿ ಜನ ತುಂಬ್ಕೊಂಡು ಬಾ. ನಡೆಯೋ ಮನುಷ್ಯನಷ್ಟು ನಿಧಾನ. ನಡುವೆ ಬ್ರೇಕ್ ಹಾಕ್ಬೇಡ. ಬಿರುಕು ಬೆಳೆದ್ರೆ ನಾನು 'ನಿಲ್ಲು' ಅನ್ನಲ್ಲ, 'ಓಡು' ಅಂತೀನಿ. ಆಗ ಓಡು."

ತೊಕುಜಿ ಕಿಟಕಿಯಿಂದ ತಲೆ ಹೊರಹಾಕಿ ತೊಲೆಯತ್ತ ನೋಡಿದ. ಆಮೇಲೆ ಕೇಳಿದ. "ಏಳನೇ ಮೊಳೆ ಅಂದ್ಯಾ? ಎಡಗಡೆಯಿಂದ?"

"ನಾನು ನಿಂತಿರೋ ಎಡ. ನಿನಗೆ ಬಲ."

ಅವನು "ಸರಿ" ಎನ್ನಲಿಲ್ಲ. ಡಬ್ಬಿ ಬೇರ್ಪಡಿಸುವ ಕಬ್ಬಿಣದ ಸದ್ದು ಕೇಳಿಸಿತು. ನಂತರ ಇಂಜಿನ್ನು ಗುರ್ರೆಂದಿತು.

ಗಾಡಿ ಸೇತುವೆಗೆ ಬಂದಾಗ ಅವಳ ಬೆನ್ನಿನ ಮೇಲೆ ಯಾರೋ ಮನೆಯನ್ನೇ ಇಟ್ಟಂತಾಯಿತು. ಅಂಗಿತೋಳಿನ ಒಳಗೆ ಮೊಣಕೈ ಕಿರುಗುಟ್ಟಿತು. ಅವಳು ಬಿರುಕಿನ ಮೇಲೆ ಕಣ್ಣಿಟ್ಟು, ಉಸಿರಿಗೊಂದರಂತೆ ಹೇಳುತ್ತ ಹೋದಳು: "ಅಷ್ಟೇ ಇದೆ. ಅಷ್ಟೇ ಇದೆ. ಒಂದು ನೂಲು ಬೆಳೀತು. ಅಷ್ಟೇ ಇದೆ." ತಲೆಯ ಮೇಲೆ ಚಕ್ರಗಳು ಒಂದೊಂದಾಗಿ ಉರುಳಿದವು. ಕೊನೆಯ ಚಕ್ರ ದಾಟಿ ತೂಕ ಹಗುರವಾದ ಗಳಿಗೆಯಲ್ಲಿ, ಪಕ್ಕದ ಕನ್ನಡಿಯಲ್ಲಿ ಗಾಡಿಯ ಹಿಂದಿನ ಕೆಂಪು ದೀಪ ಕಂಡಿತು. ಹಿಂದಿನ ದೀಪ ಕಂಡರೆ ಒಸಾನಾಯ್ ಮನೆಯ ಯಾವ ಕೈಯೂ ಸುಮ್ಮನಿದ್ದದ್ದಿಲ್ಲ. ಬಲಗೈ ಎದ್ದೇಬಿಟ್ಟಿತು, ಅರ್ಧ ಗೇಣು. ತೊಲೆ ಕಿರ್ರೆಂದಿತು. "ಥೂ, ನಿನ್ನ!" ಎಂದು ಅವಳು ತನ್ನ ಕೈಗೇ ಬೈದು, ಹೆಗಲನ್ನು ಮೇಲಕ್ಕೊತ್ತಿ, ಕೈಯನ್ನು ಜಾಗಕ್ಕೆ ತಂದು ನಿಲ್ಲಿಸಿದಳು.

"ಬೆರಳು, ಅರ್ಧ," ಎಂದು ದಂಡೆಯಲ್ಲಿ ಸಾಹೇಬ ಬರೆದುಕೊಂಡ.

ಆ ದಿನ ಕತ್ತಲಾಗುವ ಮೊದಲು ಒಂದೊಂದೇ ಡಬ್ಬಿಯಾಗಿ ನಾಲ್ಕು ಸಲ ಗಾಡಿ ಜನ ತುಂಬಿಕೊಂಡು ದಾಟಿತು. ಪ್ರತಿ ಸಲವೂ ತೊಕುಜಿ ಸೇತುವೆಯ ಮುಂದೆ ನಿಲ್ಲಿಸಿ ಕೇಳಿದ, ಪ್ರತಿ ಸಲವೂ ಫುಕಿನೊ ಎಡದ ತುದಿಯಿಂದ ನೋಡಿ ಹೇಳಿದಳು. ಇನ್ನೂರ ಇಪ್ಪತ್ತು ಜನ ಈಚೆ ಬಂದರು. ಉಳಿದವರು ನಾಳೆಗೆ. ಮೊದಲ ಸಲವೇ ಬಂದ ಕಿಯೆ ಅಜ್ಜಿ ಇಳಿದವಳೇ ದಂಡೆಗೆ ನಡೆದು ಬಂದು, ಗೊನ್‌ಸುಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟು ದೊಡ್ಡವನಿಗೆ ಒಂದು ಟೋಪಿ ಹಾಕೋಕೆ ಯಾರಿಗೂ ಆಗ್ಲಿಲ್ವಾ? ತಲೆ ಮೇಲೆ ಒಂದಾಳು ಹಿಮ ಕೂತಿದೆ," ಎಂದು ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡಳು.

ಸಂಜೆ ರೈಲು ನಿಲ್ದಾಣದ ಕೋಣೆಯಲ್ಲಿ ಒಲೆಯ ಸುತ್ತ ಎಲ್ಲರೂ ಕೂತರು. ಸವಾಕೊ ಕಾಡ್ ಎಂಬ ಕಡಲಮೀನಿನ ತಲೆ ಹಾಕಿದ ಸಾರು ತಂದಿದ್ದಳು. ಫುಕಿನೊಳ ಬಲಗೈ ಏನನ್ನೋ ಹಿಡಿದ ಆಕಾರದಲ್ಲೇ ಮರಗಟ್ಟಿ ಹೋಗಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಮೈಮೇಲೆಲ್ಲ ಚೆಲ್ಲಿಕೊಂಡು ಕುಡಿಯುತ್ತಿದ್ದಳು.

ಇವಾಬುಚಿ ಸಾಹೇಬ ಕಾಲುಚೀಲ ಕಳಚಿ ಒಲೆಗೆ ಒಡ್ಡಿ, ಕೆಮ್ಮಿದ. "ಒಟ್ಟು ನಲವತ್ತಾರು ಕಡೆ ಬೆರಳಿಲ್ಲ. ಒಂದು ಕಡೆ ಅರ್ಧ. ಕ್ಷಮಿಸಿ. ಅನುತ್ತೀರ್ಣ."

ಮೇಸ್ತ್ರಿ ಎದ್ದು ನಿಂತ. ಅವನ ಬಾಯಿಂದ ಆಗ ಬಂದ ಮಾತುಗಳನ್ನು ಬರೆಯುವಂತಿಲ್ಲ. ಬಂದರಿನಲ್ಲಿ ಮೂವತ್ತೈದು ವರ್ಷ ಕೂಡಿಟ್ಟುಕೊಂಡಿದ್ದನ್ನೆಲ್ಲ ಅಂದೇ ಖರ್ಚು ಮಾಡಿದ. ಸಾಹೇಬ ತಲೆ ತಗ್ಗಿಸಿ ಕೇಳಿಸಿಕೊಂಡ, ನಡುವೆ ಒಂದೆರಡು ಸಲ "ಹೌದು, ಹೌದು" ಎಂದೂ ಹೇಳಿದ.

"ಮೇಸ್ತ್ರೀ, ಸಾಕು," ಎಂದಳು ಫುಕಿನೊ. "ಸಾಹೇಬ್ರೇ, ನಾಳೆ ತೊಲೆ ಯಾರು ಹಿಡೀತಾರೆ?"

"ನೀವೇ. ಆರು ಗಂಟೆಗೆ."

"ಫೇಲಾದವಳಾ?"

"ಫೇಲಾದವರನ್ನ ಗೊನ್‌ಸುಕೆಯಿಂದ ಇಳಿಸೋ ಆದೇಶಕ್ಕೆ ಮೇಲಿನವರ ಮುದ್ರೆ ಬೇಕು. ಅದು ಬರೋಕೆ ಹತ್ತು ದಿನ." ಸಾಹೇಬ ಒದ್ದೆ ಚೀಲವನ್ನು ಹಿಂಡಿದ. "ನಾನು ಅದನ್ನ ಸಾಧಾರಣ ಅಂಚೇಲೇ ಹಾಕ್ತೀನಿ. ಈ ಹಿಮದಲ್ಲಿ ಅಂಚೆ ಹೇಗೆ ಹೋಗುತ್ತೋ, ನನಗೆ ಗೊತ್ತಿಲ್ಲ."

ಮೇಸ್ತ್ರಿ ಬೈಯುತ್ತಿದ್ದವನು ನಿಲ್ಲಿಸಿ, ಆ ಹುಡುಗನನ್ನು ಮೊದಲ ಸಲ ಕಂಡವನಂತೆ ನೋಡಿದ. ಸಾರಿನ ಬಟ್ಟಲನ್ನು ಅವನತ್ತ ಸರಿಸಿದ.

ಮೂಲೆಯ ಮೇಜಿನಲ್ಲಿ ತೊಕುಜಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ತಪ್ಪೊಪ್ಪಿಗೆಯ ಕಾಗದ ಬರೆಯುತ್ತಿದ್ದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅದು ಅವನ ಮೊದಲನೆಯದು. ಬೆರಳಿನ ಗುರುತಿಲ್ಲದೆ ನಾಲ್ಕು ಬಾರಿ ಗಾಡಿಯನ್ನು ಮುಂದೆ ನಡೆಸಿದೆನು, ಎಂದು ಬರೆದು ಅಲ್ಲಿಗೇ ನಿಂತಿದ್ದ. ಕಾರಣ ಬರೆಯುವ ಜಾಗ ಖಾಲಿ ಇತ್ತು.

"ಬಿರುಕು ಎಷ್ಟು ಉದ್ದ ಅಂದೆ?" ಎಂದು ತಲೆಯೆತ್ತದೆ ಕೇಳಿದ.

"ಬೆಳಿಗ್ಗೆ ಒಂದು ಮೊಳ. ಸಂಜೆ ಒಂದು ಮೊಳ ನಾಲ್ಕು ಬೆರಳು."

"ಮೊಳೆ ಎರಡಿಲ್ಲ. ಹತ್ತು ಮತ್ತೆ ಹನ್ನೊಂದು."

"ಮೂರನೇ ಸಲ ದಾಟುವಾಗ ಒಂಬತ್ತನೇದೂ ಬಿತ್ತು. ಹೇಳಿದ್ನಲ್ಲ."

"ಹೇಳಿದ್ದೆ, ಹೇಳಿದ್ದೆ." ಅವನು ಅದನ್ನೆಲ್ಲ ಕಾರಣದ ಜಾಗದಲ್ಲಿ, ಅವಳು ಹೇಳಿದ ಸಾಲಿನಲ್ಲೇ, ಒಂದೂ ಬಿಡದೆ ಬರೆದ. ಜಾಗ ಸಾಲದೆ ಅಂಚಿಗೂ ಹಬ್ಬಿಸಿ ಬರೆದ. ಮುದ್ರೆ ಒತ್ತಿ, ಕನ್ನಡಕ ತೆಗೆದು, ಮಗಳ ಕಡೆ ತಿರುಗಿದ.

"ನಾಳೆ ಮತ್ತೆ ಮೊದಲಿಂದ ನೋಡು. ಇವತ್ತು ನೋಡಿದ್ದು ನಾಳೆಗೆ ಬರಲ್ಲ."

"ಗೊತ್ತಪ್ಪಾ, ಗೊತ್ತು!" ಎಂದು ಅವಳು ಚಮಚವನ್ನು ಬಟ್ಟಲಿಗೆ ಎಸೆದಳು. "ಒಂಬತ್ತನೇ ಮೊಳೆ ಬಿದ್ದಿದೆ ಅಂದ್ರೆ ನಾಳೆ ತೂಕ ಇನ್ನೂ ಬಲಕ್ಕೆ ಬರುತ್ತೆ. ಒಂದು ಡಬ್ಬೀಲಿ ನಲವತ್ತೇ ಜನ ಹತ್ತಿಸು. ಬಿರುಕಿನ ಕಡೆ ಭಾರ ಬೇಡ, ಎಡಗಡೆ ಸೀಟಲ್ಲಿ ದಪ್ಪನವರನ್ನ ಕೂರ್ಸು."

"ಯಾರ ಎಡ?"

"ನಿನ್ನ ಎಡ!"

ತೊಕುಜಿ ಮತ್ತೆ ಕನ್ನಡಕ ಏರಿಸಿ ಅದನ್ನೂ ಬರೆದುಕೊಂಡ. ಬರೆಯುತ್ತಾ, ದಪ್ಪನವರನ್ನು ಹೇಗೆ ಆರಿಸುವುದು, ಮುದುಕಿಯರು ಮುಖಕ್ಕೆ ಉಗಿಯುತ್ತಾರೆ, ಎಂದು ಗೊಣಗಿದ. ಸವಾಕೊ ಬಂದು ಮಗಳ ಮರಗಟ್ಟಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆಚ್ಚಗಿನ ಬಟ್ಟೆಯಿಂದ ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು. ಕಿರುಬೆರಳಿನಿಂದ ಶುರುಮಾಡಿದಳು. ಫುಕಿನೊ ನೋವಿಗೆ ಮುಖ ಕಿವುಚಿ, ಅಪ್ಪನಿಗೆ ನಾಳೆಯ ಗಾಡಿಯ ಹೊತ್ತನ್ನೂ ಹೇಳಿದಳು.